ಕೋಡಿ ಎಂದರೆ ಕೋಳಿಯಲ್ಲ

ನಮ್ಮ ಬೀದಿಯ ಹೆಸರು ಕೋಡಿ ಬೀದಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಊರು ನನ್ನ ಮನೆ ಬಾಗಿಲಿಗೆ ಜಗಳಕ್ಕೆ ಬರುತ್ತದೆ, ಇನ್ನರ್ಧ ಊರು ಅದನ್ನು ನೋಡುವುದಕ್ಕೆ ಬರುತ್ತದೆ. ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ಬಸ್ಸು ಹತ್ತಿದವರಿಗೆ ಕಿಟಕಿಯಲ್ಲಿ ಕಾಣುತ್ತದೆ ಎಂದಷ್ಟು ಹೇಳಿದರೆ ಸಾಕು. ಮೊದಲು ಹಳ್ಳಿ ಆಗಿತ್ತು, ಆಮೇಲೆ ದೊಡ್ಡ ಹಳ್ಳಿ ಆಯಿತು, ಈಗ ಪಟ್ಟಣ ಪಂಚಾಯಿತಿ. ಹೆಸರು ಬದಲಾದ ಮೇಲೆ ತೆರಿಗೆ ಪಟ್ಟಣದ್ದಾಯಿತು, ಚರಂಡಿ ಮಾತ್ರ ಹಳ್ಳಿಯದ್ದೇ ಉಳಿಯಿತು.

ನಾನು ಹುಟ್ಟಿದ್ದು ಮಾಲೂರು ತಾಲ್ಲೂಕಿನ ಮಾಸ್ತಿ ಕಡೆ. ಅಲ್ಲಿ ಕೋಡಿ ಎಂದರೆ ಕೆರೆಯ ಏರಿಯ ಒಂದು ಕೊನೆಯಲ್ಲಿ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿದುಹೋಗಲಿ ಎಂದು ಕಲ್ಲು ಕಟ್ಟಿ ಬಿಟ್ಟಿರುವ ಜಾಗ. ಕೆರೆ ಕೋಡಿ ಬಿತ್ತು ಎಂದರೆ ನಮಗೆ ಹಬ್ಬ. ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಂಡು ಗಂಗಮ್ಮನ ಪೂಜೆಗೆ ಹೋಗುತ್ತಿದ್ದೆವು. ಗಂಡಸರು ಆ ನೀರಿನಲ್ಲಿ ಕಾಲಿಟ್ಟುಕೊಂಡು ಬೀಡಿ ಸೇದುತ್ತಾ ಕೂತಿರುತ್ತಿದ್ದರು.

ಮದುವೆಯಾಗಿ ಬಂದ ಮನೆಯಲ್ಲಿ ಎಲ್ಲರದೂ ತೆಲುಗು. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಒಂದು ಭಾನುವಾರ ನನ್ನ ಓರಗಿತ್ತಿ, ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದು "ಈ ಪೊದ್ದು ಕೋಡಿ ಕೋಸ್ತಾಮು" ಎಂದಳು. ಇವತ್ತು ಕೋಳಿ ಕೊಯ್ಯುತ್ತೇವೆ ಎಂದು. ನನಗೆ ಕೇಳಿಸಿದ್ದು ಕೆರೆ ಕೋಡಿಯನ್ನು ಕೊಯ್ಯುತ್ತೇವೆ ಎಂದು.

"ಅಯ್ಯೋ, ಬೇಡ ಕಣಕ್ಕಾ! ಕೋಡಿ ಕೊಯ್ದ್ರೆ ಊರೇ ಕೊಚ್ಕೊಂಡ್ ಹೋಗುತ್ತೆ!" ಎಂದು ಕಿರುಚಿದೆ.

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಮ್ಮ ಮಾವ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಅದಾದ ಮೇಲೆ ಆ ಮನೆಯಲ್ಲಿ ಎಂದು ಕೋಳಿ ತಂದರೂ ಯಾರಾದರೊಬ್ಬರು "ಊರು ಕೊಚ್ಚಿಕೊಂಡು ಹೋಗುತ್ತೆ, ನೋಡ್ಕೊಂಡು ಕೊಯ್ಯಿರಿ" ಎನ್ನದೆ ಬಿಡುತ್ತಿರಲಿಲ್ಲ. ನನಗೂ ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ನಾನೇ ಹೇಳತೊಡಗಿದೆ.

ನನಗೆ ತೆಲುಗು ಕಲಿಸಿದವಳು ಅಕ್ಕನೇ. ಓರಗಿತ್ತಿಯನ್ನು ನಾನು ಕರೆಯುತ್ತಿದ್ದುದು ಅಕ್ಕ ಎಂದು; ಆ ಮಾತು ಎರಡು ಭಾಷೆಗೂ ಒಂದೇ ಆದ್ದರಿಂದ ಕಷ್ಟವಾಗಲಿಲ್ಲ. ಅವಳು ನನ್ನನ್ನು ಕರೆಯುತ್ತಿದ್ದುದು "ಚೆಲ್ಲಿ" ಎಂದು. ತಂಗಿ ಎಂದು ಅರ್ಥ. ಅದು ಗೊತ್ತಾಗುವ ತನಕ ಅವಳು ಚೆಲ್ಲೀ ಎಂದು ಕೂಗಿದಾಗಲೆಲ್ಲ ನಾನು ಹಾಲು ಚೆಲ್ಲಿದೆನೋ, ಸಾರು ಚೆಲ್ಲಿದೆನೋ ಎಂದು ಒಲೆ ಕಡೆ ನೋಡುತ್ತಿದ್ದೆ. ನನ್ನ ಬಾಯಿ ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲಿ. ಅತ್ತೆಯೊಂದಿಗೆ ಜಗಳವಾದಾಗಲೆಲ್ಲ ಅಕ್ಕ ನಡುವೆ ಬಂದು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ತಲೆಗೆ ಎಣ್ಣೆ ಹಚ್ಚಿ, ಸಿಟ್ಟು ಇಳಿಯುವ ತನಕ ಹೇನು ನೋಡುವ ನೆಪದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಒಡಹುಟ್ಟಿದ ಅಕ್ಕ ನನಗಿಲ್ಲ. ಇದ್ದಿದ್ದರೆ ಅವಳ ಮೇಲೆ ಇಷ್ಟು ಪ್ರೀತಿ ಇರುತ್ತಿತ್ತೋ ಇಲ್ಲವೋ ಹೇಳಲಾರೆ.

ಊರು ಬೆಳೆಯತೊಡಗಿದಾಗ ಮಾವ ಕೋಡಿ ಬೀದಿಯಲ್ಲಿ ಮಕ್ಕಳಿಬ್ಬರಿಗೂ ಒಂದೊಂದು ಸೈಟು ಕೊಡಿಸಿದರು. ಪಂಚಾಯಿತಿಯೇ ಒಪ್ಪಿಗೆ ಕೊಟ್ಟ ಬಡಾವಣೆ. ಬೀದಿಯ ಬಾಯಲ್ಲಿ ಸಾಲಾಗಿ ಕೋಳಿ ಅಂಗಡಿಗಳಿದ್ದವು, ಬೀದಿಯ ಹೆಸರು ಕೋಡಿ ಬೀದಿ, ಇನ್ನು ಅನುಮಾನವೇನು? ಯಾವ ಕಾಲದ ಯಾವ ಶಾನುಭೋಗನೋ ಕನ್ನಡದಲ್ಲಿ ಬರೆದಿಟ್ಟ ಹೆಸರನ್ನು ಇಡೀ ಊರು ತೆಲುಗಿನಲ್ಲಿ ಓದುತ್ತಿತ್ತು. ಕೋಡಿಗೆ ಇಲ್ಲಿನ ತೆಲುಗಿನಲ್ಲಿ ಮೊರವ ಎನ್ನುತ್ತಾರೆ. ಆ ಮಾತೂ ಹಳಬರ ಬಾಯಲ್ಲಿ ಮಾತ್ರ ಉಳಿದಿತ್ತು. ಕೆರೆ ಒಣಗಿ ಎಷ್ಟೋ ವರ್ಷಗಳಾಗಿತ್ತು. ಅದರ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು, ಲಾರಿ ನಿಲ್ಲಿಸುತ್ತಿದ್ದರು, ಜಾಲಿ ಬೆಳೆದಿತ್ತು. ಏರಿಯ ಕೊನೆಯ ಚಪ್ಪಡಿ ಕಲ್ಲುಗಳ ಮೇಲೆ ಮುದುಕರು ಸಂಜೆ ಹೊತ್ತು ಹರಟೆ ಹೊಡೆಯುತ್ತಿದ್ದರು. ಅದೇ ಕೋಡಿ ಎಂದು ಅವರಿಗೂ ನೆನಪಿರಲಿಲ್ಲ.

ಹಿರಿಯ ಸೊಸೆ ಮೊದಲು ಆರಿಸಿಕೊಳ್ಳಲಿ ಎಂದರು ಮಾವ. ಅಕ್ಕ ತಗ್ಗಿನ ಕಡೆಯ ಸೈಟು ಆರಿಸಿಕೊಂಡಳು. ಅಲ್ಲಿ ಮಣ್ಣು ಮೆತ್ತಗಿದೆ, ಕರಿಬೇವು ಚೆನ್ನಾಗಿ ಬರುತ್ತದೆ ಎಂದಳು. ಮಣ್ಣು ಮೆತ್ತಗಿರುವುದು ಯಾಕೆ ಎಂದು ಯಾರು ಕೇಳುತ್ತಾರೆ? ಎರಡು ಮನೆಗೂ ನಡುವೆ ಒಂದೇ ಗೋಡೆ ಸಾಕು ಎಂದು ಅಣ್ಣತಮ್ಮಂದಿರು ತೀರ್ಮಾನಿಸಿದರು. ಆ ಗೋಡೆಯ ಈಚೆ ನಾನು ಮೆಣಸಿನಕಾಯಿ ಹುರಿದರೆ ಆಚೆ ಅಕ್ಕ ಸೀನುತ್ತಿದ್ದಳು, ಸೀನಿ ಬೈಯುತ್ತಿದ್ದಳು.

ಬಾವ ತೀರಿಕೊಂಡ ಮೇಲೆ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಹಾಕಿಕೊಂಡು ರವಿಕೆ ಹೊಲಿಯಲು ಕೂತಳು. ಮಗಳು ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅಕ್ಕ ಹೊಲಿದ ರವಿಕೆ ಭುಜದ ಮೇಲೆ ಕೂತ ಹಾಗೆ ಮುಳಬಾಗಿಲಿನ ದೊಡ್ಡ ಅಂಗಡಿಯಲ್ಲೂ ಹೊಲಿಯುವುದಿಲ್ಲ ಎಂದು ನಮ್ಮ ಬೀದಿಯ ಹೆಂಗಸರ ಅಭಿಪ್ರಾಯ. ಅಳತೆ ಕೊಡಲು ಬಂದವರು ಅಲ್ಲೇ ಕೂತುಬಿಡುತ್ತಿದ್ದರು. ಯಾರ ಮನೆಗೆ ನೀರು ಬಂದಿಲ್ಲ, ಯಾವ ಕಂಬದ ದೀಪ ಹೋಗಿದೆ, ಯಾರ ಗಂಡ ಯಾರಿಗೆ ಹೊಡೆದ, ಎಲ್ಲ ಆ ಕೋಣೆಯಲ್ಲಿ ಮೊದಲು ತಿಳಿಯುತ್ತಿತ್ತು. ಪಂಚಾಯಿತಿ ಆಫೀಸಿಗೆ ತಿಳಿಯುತ್ತಿದ್ದುದು ಆಮೇಲೆ, ಕೆಲವು ತಿಳಿಯುತ್ತಲೇ ಇರಲಿಲ್ಲ.

ಊರು ಪಟ್ಟಣ ಪಂಚಾಯಿತಿಯಾಗಿ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ನನ್ನನ್ನು ನಿಲ್ಲಿಸಿದ್ದೂ ಆ ಕೋಣೆಯೇ. "ಬಾಯಿ ಇದ್ದವಳು ಇವಳೊಬ್ಬಳೇ" ಎಂದು ಅಕ್ಕ ತೆಲುಗಿನಲ್ಲಿ ತೀರ್ಪು ಕೊಟ್ಟಳು. ಹೆಂಡತಿ ಗೆದ್ದ ಕಡೆ ಗಂಡ ಮೆಂಬರಾಗುವುದು ನಮ್ಮ ಕಡೆ ವಾಡಿಕೆ. ನನ್ನ ಗಂಡ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಗುಮಾಸ್ತ, ಜೋರು ಮಾತೂ ಆಡದ ಮನುಷ್ಯ. "ನಿನ್ನ ಹತ್ರ ನಾನೇ ಇನ್ನೂ ಗೆದ್ದಿಲ್ಲ, ಆ ಕುರ್ಚಿ ನೀನೇ ಇಟ್ಕೊಳ್ಳೇ" ಎಂದುಬಿಟ್ಟ. ಅಕ್ಕ ಮೆಷಿನ್ನಿಗೆ ಬಟ್ಟೆ ಮುಚ್ಚಿ ಬಿಸಿಲಿನಲ್ಲಿ ಮನೆಮನೆ ತಿರುಗಿದಳು. ಗೆದ್ದ ದಿನ ನನಗಿಂತ ಹೆಚ್ಚು ಹೂವಿನ ಹಾರ ಅವಳ ಕೊರಳಲ್ಲಿತ್ತು.

ಮೊದಲ ಸಭೆಯಲ್ಲೇ ಬೀದಿಗಳಿಗೆ ಹೊಸ ಬೋರ್ಡು ಹಾಕುವ ವಿಷಯ ಬಂತು. ನಮ್ಮ ಬೀದಿಗೆ 'ಚಿಕನ್ ಮಾರ್ಕೆಟ್ ರಸ್ತೆ' ಎಂದು ಬರೆದುಕೊಂಡು ಬಂದಿದ್ದರು. ನನಗೆ ರೇಗಿತು. ಎದ್ದು ನಿಂತು, ಕೋಡಿ ಎಂದರೆ ಕೋಳಿಯಲ್ಲ ಸ್ವಾಮಿ, ಕೆರೆಯ ಕೋಡಿ, ಆ ಬೀದಿ ನೀರಿನ ದಾರಿ ಇರಬೇಕು, ನೋಡಿ ಎಂದೆ. ಸಭೆ ನಕ್ಕಿತು. ಹಿರಿಯ ಮೆಂಬರೊಬ್ಬರು, ಊರಿನ ಕಲ್ಯಾಣ ಮಂಟಪ ಅವರ ಅಣ್ಣನದ್ದು, "ಮೆಂಬ್ರಮ್ಮಾ, ನಿಮ್ಮ ಮಾಲೂರು ಕನ್ನಡ ಇಲ್ಲಿ ನಡೆಯಲ್ಲ" ಎಂದರು. ನಾನೂ ಬಿಡಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಕೋಡಿ ಬೀದಿ ಎಂದೇ ಉಳಿಯಿತು, ಬೀದಿಯ ಬಾಯಲ್ಲಿದ್ದ ಹಳೆಯ ಮೋರಿ ಒಡೆದು ಸಣ್ಣ ಪೈಪು ಹಾಕುವ ತೀರ್ಮಾನವೂ ಬದಲಾಗದೆ ಉಳಿಯಿತು. ಇಂಜಿನಿಯರು ಒಳ್ಳೆಯ ಹುಡುಗ, ಟೇಕಲ್ ಕಡೆಯವನು. "ಕೆರೇಲಿ ನೀರೆಲ್ಲಿದೆ ಮೇಡಂ, ಕೋಡಿ ಬೀಳೋಕೆ?" ಎಂದು ಕೇಳಿದ. ಅವನನ್ನು ಬೈಯುವುದು ಹೇಗೆ? ಅವನು ಹುಟ್ಟಿದ ಮೇಲೆ ಈ ಸೀಮೆಯಲ್ಲಿ ತುಂಬಿದ ಕೆರೆಯನ್ನೇ ಅವನು ಕಂಡಿರಲಿಲ್ಲ.

ಆಮೇಲೆ ಆ ವರ್ಷ ಬಂತು. ಮಳೆ ಹಿಡಿದದ್ದು ಬಿಡಲೇ ಇಲ್ಲ. ತಾಯಲೂರು ಕಡೆಯಿಂದ ಬಂದವರು ಅಲ್ಲಿ ಕೆರೆ ತುಂಬಿತು ಎಂದರು, ಕೋಲಾರದಿಂದ ಬಂದವರು ಅಲ್ಲೂ ತುಂಬಿತು ಎಂದರು. ಜನ ಬೈಕು ಹತ್ತಿ ಕೆರೆ ನೋಡುವುದಕ್ಕೆ ಊರೂರು ಸುತ್ತುತ್ತಿದ್ದರು. ನಮ್ಮ ಕೆರೆಯೂ ಜಾಲಿ ಮರ ಮುಳುಗಿಸಿ ಏರಿಯ ಅಂಚಿಗೆ ಬಂದಾಗ ಊರಿಗೆ ಊರೇ ಏರಿಯ ಮೇಲೆ ನಿಂತು ಫೋಟೋ ತೆಗೆಸಿಕೊಂಡಿತು. ನಾನೂ ಅಕ್ಕನೂ ತೆಗೆಸಿಕೊಂಡೆವು. ಅವಳು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದಾಳೆ. ಅಂಗಡಿಗಳಲ್ಲಿ ಕೋಳಿ ಸಿಗದಷ್ಟು ಸಂಭ್ರಮ.

ಮಾರನೆಯ ದಿನ ಮಧ್ಯಾಹ್ನ ಮುದುಕರ ಹರಟೆ ಕಲ್ಲಿನ ಮೇಲಿಂದ ನೀರು ಇಳಿಯಿತು. ಇಳಿದು ಎಲ್ಲಿಗೆ ಹೋಗಬೇಕು? ತನಗೆ ಗೊತ್ತಿದ್ದ ದಾರಿಗೇ ಬಂತು. ಬೀದಿಯ ಬಾಯಿಯ ಸಣ್ಣ ಪೈಪು ಅದಕ್ಕೆ ಯಾವ ಲೆಕ್ಕ? ಕೋಳಿ ಗೂಡುಗಳು ಮೊದಲು ತೇಲಿದವು. ಆಮೇಲೆ ಕೆಳಗಿನ ಸಾಲಿನ ಕೂಲಿಯವರ ಮನೆಗಳಿಗೆ ಸೊಂಟದ ಮಟ್ಟ ನೀರು ನುಗ್ಗಿತು. ಅಲ್ಲೊಬ್ಬ ಬಾಣಂತಿ ಕೂಸನ್ನು ಅಟ್ಟದ ಮೇಲೆ ಇಟ್ಟುಕೊಂಡು ಕೂಗುತ್ತಿದ್ದಳು. ಅಕ್ಕನ ಮನೆಯೊಳಗೂ ನೀರು ಬಂದಿತ್ತು, ಮೆಷಿನ್ನು ಮುಳುಗಿತ್ತು, ತಗ್ಗಿನ ಕಡೆಯ ಮನೆ ಅಲ್ಲವೇ? ಅವಳು ಅದನ್ನು ನೋಡಲೇ ಇಲ್ಲ. ಆ ಸಾಲಿನ ಹೆಂಗಸರು ಮಕ್ಕಳನ್ನೆಲ್ಲ ತನ್ನ ತಾರಸಿಗೆ ಹತ್ತಿಸಿದಳು, ಕೂಸನ್ನು ತಾನೇ ತಲೆಯ ಮೇಲೆ ಎತ್ತಿಕೊಂಡು ತಂದಳು. ಅವತ್ತು ತಾರಸಿಯ ಮೇಲೆ ಅವಳು ಬೇಯಿಸಿದ ಅನ್ನ ತಿಂದವರು ಇಂದಿಗೂ ಅದನ್ನು ಹೇಳುತ್ತಾರೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಅದಕ್ಕೆ ಅಕ್ಕನೇ ಕಾರಣ.

ನೀರು ಇಳಿದ ಮೇಲೆ ಊರಿನ ಬಾಯಲ್ಲೆಲ್ಲ ಒಂದೇ ಮಾತು: ಮೆಂಬ್ರಮ್ಮ ಅವತ್ತೇ ಹೇಳಿದ್ದಳು. ನನಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ನಕ್ಕವರ ಮುಖ ನೋಡುವುದಕ್ಕೆಂದೇ ಸಭೆಗೆ ಹೋದೆ. ಮುಚ್ಚಿಹೋಗಿರುವ ಕೋಡಿ ಕಾಲುವೆಯನ್ನು ಬಿಡಿಸಬೇಕು, ಸರ್ವೆ ಮಾಡಿಸಬೇಕು ಎಂದು ಜೋರಾಗಿ ಹೇಳಿದವಳೂ ನಾನೇ. ಕಾಲುವೆ ಕೋಳಿ ಅಂಗಡಿಗಳ ಹಿಂದೆ, ಖಾಲಿ ಜಾಗದಲ್ಲಿ ಇರುತ್ತದೆ ಎಂದು ನಾನೂ, ನನ್ನೊಂದಿಗೆ ಎಲ್ಲರೂ ತಿಳಿದಿದ್ದೆವು. ಕೆಳಗಿನ ಸಾಲಿನವರು ಬಂದು ನನ್ನ ಕೈ ಹಿಡಿದುಕೊಂಡು, ಇನ್ನೊಂದು ಮಳೆಗೆ ನಾವು ಉಳಿಯಲ್ಲ, ಬೇಗ ಮಾಡಿಸಮ್ಮಾ ಎಂದರು. ಅವರನ್ನು ಕರೆದುಕೊಂಡು ಬಂದವಳು ಅಕ್ಕ.

ಸರ್ವೆಯವರು ಬಂದ ದಿನ ಅಕ್ಕ ಅವರಿಗೆ ಕಾಫಿ ಮಾಡಿ ಕೊಟ್ಟಳು. ಕೋಡಿ ಕೊಯ್ಯುವ ಹಳೆಯ ಕಥೆಯನ್ನು ತೆಲುಗಿನಲ್ಲೇ ಅಭಿನಯ ಮಾಡಿ ಹೇಳಿದಳು, ಅವರೂ ನಕ್ಕರು. ಆಮೇಲೆ ಅವರು ಏರಿಯ ಕಲ್ಲಿನಿಂದ ಅಳೆಯುತ್ತಾ ಬಂದು, ಕೋಳಿ ಅಂಗಡಿಗಳನ್ನು ದಾಟಿ, ಎರಡು ಶೆಡ್ಡಿನ ಮೇಲೆ ಗುರುತು ಹಾಕಿ, ಅಕ್ಕನ ಮನೆಯ ಮುಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೀಟು ಎಳೆದರು. ಇನ್ನೊಂದು ಗೀಟನ್ನು ನಮ್ಮಿಬ್ಬರ ಮನೆಯ ನಡುಗೋಡೆ ಸೇರುವ ಜಾಗದಲ್ಲಿ ಎಳೆದರು. ಮುಂದಕ್ಕೆ ಹೋಗಿ ಕಲ್ಯಾಣ ಮಂಟಪದ ಊಟದ ಹಾಲಿನ ಮೇಲೂ ಎಳೆದರು. ಮನೆ ನಂಬರು ಬದಲಾಯಿಸುತ್ತಾರೇನೋ ಎಂದುಕೊಂಡು ಅಕ್ಕ, ಬಣ್ಣ ನೀಟಾಗಿ ಹಚ್ಚಿ ಎಂದು ಅವರಿಗೆ ಹೇಳುತ್ತಿದ್ದಳು.

ನಾನು ನಡುಗೋಡೆಯ ಹತ್ತಿರ ನಿಂತು ಆ ಗೀಟನ್ನೇ ನೋಡುತ್ತಿದ್ದೆ. ಗೀಟಿನ ಆಚೆಗೆ ಅಕ್ಕನ ಮನೆ, ಇಡೀ ಮನೆ, ಕಾಲುವೆಯ ಜಾಗದೊಳಗೆ. ಈಚೆಗೆ ನನ್ನ ಮನೆ. ಕಾಲುವೆಯ ಅಂಚು ನನ್ನ ಮನೆಯ ತಳಪಾಯದ ಪಕ್ಕದಲ್ಲಿ ಹಾದುಹೋಗಿತ್ತು.

ಅವತ್ತು ಸಂಜೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಅವಳು ಕೇಳಬಾರದಾಗಿತ್ತು. ಅಕ್ಕ ರಿಪೇರಿಯಾಗಿ ಬಂದಿದ್ದ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಎಣ್ಣೆಯ ಡಬ್ಬಿ ಕೆಳಗಿಟ್ಟಳು. ಆಮೇಲೆ "ನೀ ಇಲ್ಲು ಉಂಟುಂದಿ ಗದಾ?" ಎಂದು ಕೇಳಿದಳು. ನಿನ್ನ ಮನೆ ಉಳಿಯುತ್ತದೆ ತಾನೇ ಎಂದು.

ಆ ಪ್ರಶ್ನೆಯಲ್ಲಿ ಏನಿತ್ತು ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಹೊಟ್ಟೆಕಿಚ್ಚು ಇತ್ತೇ, ಸಮಾಧಾನ ಇತ್ತೇ, ಬರೀ ಪ್ರಶ್ನೆಯೇ? ಉಳಿಯುತ್ತದೆ ಎಂದೆ. "ಸರೇಲೇ," ಆಯಿತು ಬಿಡು ಎಂದು ಮತ್ತೆ ಎಣ್ಣೆ ಬಿಡತೊಡಗಿದಳು.

ಮಾರನೆಯ ದಿನದಿಂದ ನಾನು ಕೂತಲ್ಲಿ ಕೂರಲಿಲ್ಲ. ಇಂಜಿನಿಯರನ್ನು ಕರೆದುಕೊಂಡು ಬಂದು ಕಾಲುವೆಯನ್ನು ಬಲಕ್ಕೆ ತಿರುಗಿಸು ಎಂದೆ. ಬಲಕ್ಕೆ ಅಂಗನವಾಡಿ, ಅದರಾಚೆ ಕೂಲಿಯವರ ಸಾಲು. ಹಾಗಾದರೆ ಎಡಕ್ಕೆ ತಿರುಗಿಸು ಎಂದೆ. "ಎಡಕ್ಕೆ ನಿಮ್ಮನೆ ಇದೆ ಮೇಡಂ" ಎಂದ. ಇರಲಿ, ನನ್ನ ಮನೆ ತಗೋ ಎಂದೆ. ಅವನು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೀಚಿ ತೋರಿಸಿದ. "ಮೇಲಿಂದ ನೀರು ನೇರವಾಗಿ ಬರುತ್ತೆ ಮೇಡಂ. ಇಲ್ಲಿ ತಿರುಗಿಸಿದ್ರೆ ತಿರುವನ್ನೇ ಒಡ್ಕೊಂಡು ನೇರಕ್ಕೇ ಹೋಗುತ್ತೆ. ನಿಮ್ಮನೆ ನಾವು ಒಡೀಬೇಕು, ಅವ್ರ ಮನೆ ನೀರು ಒಡೆಯುತ್ತೆ. ಎರಡೂ ಹೋಗುತ್ತೆ." ಕಡ್ಡಿ ಕಸಿದುಕೊಂಡು ಬಿಸಾಡಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಈ ಮಾತುಕತೆಯನ್ನು ಅಕ್ಕನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ದೊಡ್ಡಸ್ತಿಕೆ ತೋರಿಸಿದ ಹಾಗೆ ಆಗುತ್ತಿತ್ತು.

ಕೋಲಾರಕ್ಕೆ ಓಡಾಡಿದೆ. ದೊಡ್ಡ ಕಚೇರಿಯ ದೊಡ್ಡ ಮೇಜಿನ ಆಚೆಯಿದ್ದವರು ಒಳ್ಳೆಯ ಮಾತೇ ಆಡಿದರು. ಎಲ್ಲ ಊರುಗಳ ಮೆಂಬರುಗಳು ಒತ್ತುವರಿ ಉಳಿಸಿಕೊಡಿ ಎಂದು ಬರುತ್ತಾರೆ, ತೆರವು ಮಾಡಿ ಎಂದು ಕೇಳಿದವರು ನೀವೊಬ್ಬರೇ, ನಿಮ್ಮಂಥವರಿಂದ ಸಣ್ಣ ಊರುಗಳು ಉದ್ಧಾರ ಆಗುತ್ತವೆ ಎಂದು ಹೊಗಳಿದರು. ಒತ್ತುವರಿ! ಪಂಚಾಯಿತಿ ಸೀಲು ಹಾಕಿ ಕೊಟ್ಟ ಸೈಟಿನಲ್ಲಿ ಅಕ್ಕ ಗಂಡನೊಂದಿಗೆ ಕಲ್ಲು ಹೊತ್ತು ಕಟ್ಟಿದ ಮನೆ ಒತ್ತುವರಿ ಆಯಿತು. ಸೀಲು ಹಾಕಿದವರು ಯಾರೂ ಈಗ ಆ ಕಚೇರಿಯಲ್ಲಿರಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಅತ್ತೆ. ಪಕ್ಕದಲ್ಲಿದ್ದ ಹೆಂಗಸು, ಆಸ್ಪತ್ರೆಯಲ್ಲಿ ಯಾರಾದ್ರೂ ಇದ್ದಾರಾ ಎಂದು ಕೇಳಿದಳು.

ಕಲ್ಯಾಣ ಮಂಟಪದವರು ಸುಮ್ಮನೆ ಕೂರಲಿಲ್ಲ. ವಕೀಲರನ್ನು ಹಿಡಿದು ಕೋರ್ಟಿನಿಂದ ತಡೆ ತಂದರು. ಅವರ ಊಟದ ಹಾಲು ಹಾಗೇ ನಿಂತಿತು. ಅದು ತಿಳಿದ ಕೂಡಲೇ ಅಕ್ಕನ ಹತ್ತಿರ ಓಡಿದೆ. ಅಕ್ಕಾ, ನೀನೂ ಹೋಗು, ಮುಳಬಾಗಿಲಿನಲ್ಲಿ ಒಳ್ಳೆಯ ವಕೀಲರಿದ್ದಾರೆ, ತಡೆ ಸಿಕ್ಕರೆ ನಿನ್ನ ಮನೆಯನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದೆ. ಮೆಂಬರು ಆಡಬೇಕಾದ ಮಾತಲ್ಲ ಅದು, ಗೊತ್ತು. ತಂಗಿ ಆಡಿದ ಮಾತು.

ಅಕ್ಕ ನನ್ನ ಮುಖವನ್ನೇ ನೋಡಿದಳು. "ಎವರಿ ಮೀದ ವೆಯ್ಯಾಲಿ ಕೇಸು? ನೀ ಮೀದಾ?" ಎಂದಳು. ಯಾರ ಮೇಲೆ ಕೇಸು ಹಾಕಲಿ, ನಿನ್ನ ಮೇಲಾ? ಕಾಲುವೆ ಬಿಡಿಸಬೇಕು ಎಂದು ನಿರ್ಣಯ ತಂದವಳ ಹೆಸರು ಊರಿಗೆಲ್ಲ ಗೊತ್ತಿತ್ತು. ಅದರ ವಿರುದ್ಧ ಕೋರ್ಟಿಗೆ ಹೋಗುವುದೆಂದರೆ ಚೆಲ್ಲಿಯ ವಿರುದ್ಧ ಹೋಗುವುದು ಎಂದು ಅವಳು ತಿಳಿದಿದ್ದಳು. ಹಾಗಲ್ಲ, ಕೇಸು ಆಫೀಸಿನ ಮೇಲೆ ಎಂದು ಎಷ್ಟು ಬಿಡಿಸಿ ಹೇಳಿದರೂ ತಲೆ ಅಲ್ಲಾಡಿಸಿದಳು. "ಆಫೀಸು ಅಂಟೇ ನುವ್ವೇ ಗದಾ," ಆಫೀಸು ಅಂದರೆ ನೀನೇ ಅಲ್ಲವೇ ಎಂದಳು. ಹೊಟ್ಟೆ ತುಂಬ ಕೋಪ ಬಂತು ನನಗೆ. ಇಷ್ಟು ಒಳ್ಳೆಯವಳಾಗಿರಬೇಡ ಎಂದು ಅವಳ ಮೇಲೆ ಕೂಗಾಡಿ ಬಂದೆ.

ತೆರವಿಗೆ ಒಪ್ಪಿಗೆ ಕೊಡುವ ಸಭೆಯಲ್ಲಿ, ಮಂಟಪದವರ ತಮ್ಮ ಆ ಹಿರಿಯ ಮೆಂಬರು, "ಮೊದಲು ನಿಮ್ಮ ಮನೆಯವ್ರದ್ದು ಒಡೀರಿ ಮೆಂಬ್ರಮ್ಮಾ, ಆಮೇಲೆ ಬೇರೆಯವ್ರದ್ದು ಮಾತಾಡೋಣ" ಎಂದರು. ಹೊರಗೆ ಕೆಳಗಿನ ಸಾಲಿನ ಹೆಂಗಸರು ಬಂದು ಕಾಯುತ್ತಿದ್ದರು. ಆ ಬಾಣಂತಿಯ ಕೂಸು ಬಾಗಿಲಲ್ಲಿ ಅಳುತ್ತಿತ್ತು. ನಾನು ಬೇಡ ಎಂದಿದ್ದರೆ ಇಡೀ ವಿಷಯ ಅಲ್ಲಿಗೇ ಮುಗಿದುಹೋಗುತ್ತಿತ್ತು, ಮುಂದಿನ ಮಳೆಯ ತನಕ. ಒಪ್ಪುವವರು ಕೈ ಎತ್ತಿ ಎಂದರು. ಎತ್ತಿದೆ.

ಊರಿಗೆ ಉಪಕಾರಿ, ಮನೆಗೆ ಮಾರಿ. ಗಾದೆ ಹೇಳಿದವಳು ನಮ್ಮತ್ತೆ. ಸುಮ್ಮನಿರಮ್ಮಾ ಎಂದು ಅವರನ್ನು ಗದರಿಸಿದವಳು ಅಕ್ಕ.

ಒಡೆಯುವ ದಿನ ಅಕ್ಕ ಇರಲಿಲ್ಲ. ಸಾಮಾನೆಲ್ಲ ನಮ್ಮ ಮನೆಗೆ ಸಾಗಿಸಿ, ಮಗಳ ಹತ್ತಿರ ಹೋಗುತ್ತೇನೆಂದು ಬೆಳಿಗ್ಗೆಯೇ ಕೋಲಾರದ ಬಸ್ಸು ಹತ್ತಿದ್ದಳು. ಹೋಗುವಾಗ ಮನೆ ಗುಡಿಸಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಹೋಗಿದ್ದಳು. ಅದನ್ನು ನೋಡಿ ಜೆಸಿಬಿಯ ಡ್ರೈವರು ಗಾಡಿಯಿಂದ ಇಳಿದು ಬಂದು, ಒಳಗೆ ಯಾರೂ ಇಲ್ಲ ತಾನೇ ಎಂದು ನನ್ನನ್ನು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ನಡುಗೋಡೆ ನನ್ನ ಮನೆಯದ್ದೂ ಆದ್ದರಿಂದ ಅದನ್ನು ಉಳಿಸಿದರು. ಅಕ್ಕನ ಅಡುಗೆಮನೆಯ ಗೂಡು, ಒಗ್ಗರಣೆಯ ಮಸಿ, ದೇವರ ಪಟಗಳ ಮೊಳೆ, ಹೊಲಿಗೆ ಕೋಣೆಯ ಹಸಿರು ಬಣ್ಣ ಎಲ್ಲ ಬಯಲಿಗೆ ಬಂದವು. ಈಗ ನಮ್ಮ ಮನೆಯ ಹೊರಗೋಡೆ ಅದು. ಪ್ಲಾಸ್ಟರು ಮಾಡಿಸೋಣ ಎಂದು ಗಂಡ ಎರಡು ಸಲ ಹೇಳಿದ. ನನಗೆ ಆಗಲಿಲ್ಲ.

ನಮ್ಮ ಮನೆಯಲ್ಲೇ ಇರು ಎಂದು ಅಕ್ಕನ ಕಾಲು ಹಿಡಿದೆ. ಸ್ವಲ್ಪ ದಿನ ಇದ್ದಳು. ಇದ್ದಷ್ಟು ದಿನ ಬಂದವರ ಹಾಗೆ ಇದ್ದಳು. ಕೇಳಿ ಕಾಫಿ ಕುಡಿಯುತ್ತಿದ್ದಳು, ತಿಂದ ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಪಟ್ಟಣ ಪಂಚಾಯಿತಿಯವರು ಬದಲಿ ಸೈಟು ಕೊಟ್ಟದ್ದು ಊರಾಚೆ, ಶ್ರೀನಿವಾಸಪುರದ ರಸ್ತೆಯ ಬಂಡೆಯ ಮೇಲೆ, ಹೊಸ ಬಡಾವಣೆಯಲ್ಲಿ. ಶೀಟಿನ ಮನೆ ಹಾಕಿಕೊಂಡು ಅಲ್ಲಿಗೆ ಹೋದಳು. ಅಲ್ಲಿಗೆ ರವಿಕೆಯ ಅಳತೆ ಕೊಡಲು ಯಾರು ಹೋಗುತ್ತಾರೆ? ಮೊದಮೊದಲು ಬೀದಿಯ ಹೆಂಗಸರು ಆಟೋ ಮಾಡಿಕೊಂಡು ಹೋದರು, ಆಮೇಲೆ ಹತ್ತಿರದ ಅಂಗಡಿಗೇ ಹೋಗತೊಡಗಿದರು. ನಾನು ಹೋದಾಗಲೆಲ್ಲ ಬಾಗಿಲಲ್ಲೇ ನಿಂತು ಎರಡು ಮಾತಾಡಿ, ತಲೆನೋವು ಎನ್ನುತ್ತಿದ್ದಳು. ಹೋಗುವುದನ್ನು ಕಡಿಮೆ ಮಾಡಿದೆ.

ಮುಂದಿನ ಮಳೆಗಾಲದಲ್ಲಿ ಕೆರೆ ಮತ್ತೆ ಕೋಡಿ ಬಿತ್ತು. ನೀರು ಹೊಸ ಕಾಲುವೆಯಲ್ಲಿ ಇಳಿದು ಬಂದು, ಅಕ್ಕನ ಮನೆಯಿದ್ದ ಜಾಗದಲ್ಲಿ ಹಾದು, ಮಂಟಪದ ಹತ್ತಿರ ಒದ್ದಾಡಿ, ಹೇಗೋ ಪಕ್ಕದ ಹೊಲಕ್ಕೆ ನುಗ್ಗಿ ಹೋಯಿತು. ಕೂಲಿಯವರ ಸಾಲಿನ ಹೊಸಿಲು ಕೂಡ ಒದ್ದೆಯಾಗಲಿಲ್ಲ. ಹೆಂಗಸರು ಪೂಜೆ ಮಾಡಿ, ನನಗೆ ಕುಂಕುಮ ಇಟ್ಟು, ಹೂವು ಮುಡಿಸಿದರು. ಕೆಲಸ ಸರಿಯಾಗಿತ್ತು. ಇನ್ನೊಂದು ಸಲ ಅದೇ ಸಭೆ ನಡೆದರೂ ಅದೇ ಕೈ ಎತ್ತುತ್ತೇನೆ. ಅದೇ ನನ್ನನ್ನು ಸುಡುವುದು; ತಪ್ಪು ಮಾಡಿದ್ದರೆ ಹೋಗಿ ಕ್ಷಮಿಸು ಎಂದಾದರೂ ಕೇಳಬಹುದಿತ್ತು.

ಹೋದ ತಿಂಗಳು ಆಫೀಸಿನಲ್ಲಿ ಕೂತಿದ್ದೆ. ಹೊಸ ಬಡಾವಣೆಯ ನಾಲ್ಕೈದು ಹೆಂಗಸರು ಅಹವಾಲು ಹೇಳಿಕೊಳ್ಳಲು ಬಂದರು. ಅವರ ಹಿಂದೆ ಅಕ್ಕ. ಬಡಕಲಾಗಿದ್ದಳು, ತಲೆಯೆಲ್ಲ ನೆರೆತಿತ್ತು. ನಾನು ಎದ್ದು ನಿಂತೆ. ಬಡಾವಣೆಯ ಪರವಾಗಿ ಮಾತಾಡುವವಳು ಅವಳೇ ಎಂದು ಉಳಿದವರು ಅವಳನ್ನು ಮುಂದಕ್ಕೆ ತಳ್ಳಿದರು.

ಅಕ್ಕ ಸೆರಗು ಸರಿಮಾಡಿಕೊಂಡು ಕೈಮುಗಿದಳು. "ಮೇಡಂ, ನಮ್ಮ ಬಡಾವಣೆಗೆ ವಾರದಿಂದ ನೀರು ಬಂದಿಲ್ಲ. ದಯವಿಟ್ಟು ನೀವು ಸ್ವಲ್ಪ ನೋಡಬೇಕು" ಎಂದಳು.

ಕನ್ನಡದಲ್ಲಿ ಹೇಳಿದಳು. ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸುವ ಹಾಗೆ, ಒಂದೊಂದೇ ಮಾತು ಎಚ್ಚರಿಕೆಯಿಂದ ಜೋಡಿಸಿ. ಇಷ್ಟು ವರ್ಷಗಳಲ್ಲಿ ಅವಳು ನನ್ನೊಂದಿಗೆ ಕನ್ನಡ ಆಡಿದ್ದಿಲ್ಲ. ಆಫೀಸಿನವರ ಜೊತೆ ಮಾತ್ರ ಆಡುತ್ತಿದ್ದಳು. "ಅಕ್ಕಾ, ಕೂರ್ಚೋ ಅಕ್ಕಾ, ನೇನು ಇಪ್ಪುಡೇ ಫೋನು ಚೇಸ್ತಾನು," ಕೂತುಕೋ, ಈಗಲೇ ಫೋನು ಮಾಡುತ್ತೇನೆ ಎಂದು, ಅವಳೇ ಕಲಿಸಿದ ತೆಲುಗಿನಲ್ಲಿ ತಡವರಿಸಿದೆ.

ಅವಳು ಕೂರಲಿಲ್ಲ. ನಾನು ಹೇಳಿ ಮುಗಿಸುವ ತನಕ ತಾಳ್ಮೆಯಿಂದ ಕಾದಳು. ಆಮೇಲೆ "ಸರಿ ಮೇಡಂ. ನಾ ಬರ್ತೀನಿ" ಎಂದಳು.